ಪಾಶ್ ಕಾಯ್ದೆ: ಆಫೀಸೇ ಇಲ್ಲದ ಹೆಂಗಸರು ಎಲ್ಲಿ ದೂರು ಕೊಡಬೇಕು?

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯನ್ನು ಎಲ್ಲರೂ ಪಾಶ್ ಅಂತಲೇ ಕರೆಯುತ್ತಾರೆ. ಪರೀಕ್ಷೆಗೆ ಓದುವವರು ಇಂಥ ದೂರುಗಳನ್ನು ವಿಚಾರಿಸುವ ಕಂಪನಿಗಳ ಆಂತರಿಕ ಸಮಿತಿಯ ಬಗ್ಗೆ ಓದಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಾರೆ. ಆದರೆ ಈ ಕಾಯ್ದೆಯ ಕಥೆ ಶುರುವಾಗಿದ್ದು ಒಂದು ಹಳ್ಳಿಯಲ್ಲಿ.

ಭಂವರಿ ದೇವಿ ರಾಜಸ್ಥಾನದ ಭಟೇರಿಯವರು. ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಕಾರ್ಯಕರ್ತೆ. 1992ರಲ್ಲಿ ಒಂದು ಬಾಲ್ಯವಿವಾಹ ತಡೆಯಲು ಹೋದರು. ಆ ಸಿಟ್ಟಿಗೆ ತಮ್ಮ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು ಎಂದು ದೂರು ಕೊಟ್ಟರು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಆಕೆಗೆ ಈ ಗತಿ ಬಂದಿದ್ದು ತನ್ನ ಕೆಲಸ ಮಾಡಿದ್ದಕ್ಕೆ, ಅಲ್ವಾ? ಈ ಪ್ರಶ್ನೆಯನ್ನೇ ಹಿಡಿದು ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು ಆ ಮೊಕದ್ದಮೆಯ ತೀರ್ಪು ಬಂತು, ಅದನ್ನೇ ವಿಶಾಖಾ ತೀರ್ಪು ಅನ್ನುತ್ತಾರೆ. ಸಂಸತ್ತು ಕಾನೂನು ಮಾಡುವವರೆಗೆ ಪಾಲಿಸಬೇಕಾದ ನಿಯಮಗಳನ್ನು ಕೋರ್ಟೇ ಕೊಟ್ಟಿತು. ಕಾನೂನು ಬರಲು ಇನ್ನೂ 16 ವರ್ಷ ಬೇಕಾಯಿತು. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷರು ಮಹಿಳೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನವರು ಒಬ್ಬರು. ಇಷ್ಟು ಎಲ್ಲರಿಗೂ ಗೊತ್ತು.

ಗಮನ ಕೊಟ್ಟು ಓದಬೇಕಾದ್ದು ಸ್ಥಳೀಯ ಸಮಿತಿಯ ಭಾಗ. ಮನೆಗೆಲಸದವರು, ಇಬ್ಬರು ಮೂವರೇ ಇರುವ ಅಂಗಡಿಯಲ್ಲಿ ದುಡಿಯುವವರು, ಮಾಲೀಕನಿಂದಲೇ ಕಿರುಕುಳ ಅನುಭವಿಸುವವರು ಹೋಗಬೇಕಾದ್ದು ಇಲ್ಲಿಗೆ. ಪ್ರತಿ ಜಿಲ್ಲೆಯಲ್ಲೂ ಇದು ಇರಬೇಕು. ದೂರು ಪಡೆಯಲೆಂದೇ ನೇಮಿಸಿದ ತಾಲೂಕಿನ ನೋಡಲ್ ಅಧಿಕಾರಿಗೆ ದೂರು ಕೊಟ್ಟರೆ ಅವರು 7 ದಿನದೊಳಗೆ ಸಮಿತಿಗೆ ಕಳಿಸಬೇಕು. ನಮ್ಮ ಬೀದಿಯಲ್ಲಿ ಪಾತ್ರೆ ತೊಳೆಯಲು ಬರುವ ಎಷ್ಟು ಹೆಂಗಸರಿಗೆ ಇದನ್ನು ಯಾರಾದರೂ ಹೇಳಿದ್ದಾರೆ? ಭಂವರಿ ದೇವಿಯಂಥವರಿಂದ ಬಂದ ಕಾನೂನು ಅಂಥವರನ್ನೇ ಮುಟ್ಟದಿದ್ದರೆ ಅದು ದೊಡ್ಡ ಅನ್ಯಾಯ.

ದೂರು ಕೊಡಲು ಘಟನೆ ನಡೆದು 3 ತಿಂಗಳ ಅವಕಾಶ ಇದೆ. ಸರಿಯಾದ ಕಾರಣ ಇದ್ದರೆ ಇನ್ನೂ 3 ತಿಂಗಳು ಸಿಗಬಹುದು. ಬರೆಯಲು ಬಾರದವರಿಗೆ ಸಮಿತಿಯವರೇ ನೆರವಾಗಬೇಕು. ರಾಜಿಗೆ ಹೆಣ್ಣುಮಗಳೇ ಕೇಳಬೇಕು, ದುಡ್ಡು ಕೊಟ್ಟು ಮುಗಿಸುವಂತಿಲ್ಲ. 'ಸುಮ್ನೆ ದೂರು ಕೊಟ್ಟರೆ ಶಿಕ್ಷೆ ಆಗುತ್ತೆ' ಎಂದು ಹೆದರಿಸುವವರು ಇದ್ದಾರೆ. ಸಾಬೀತಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಆಕೆಗೆ ಶಿಕ್ಷೆ ಕೊಡುವಂತಿಲ್ಲ ಎಂದು ಕಾಯ್ದೆಯ 14ನೇ ಸೆಕ್ಷನ್ನಿನಲ್ಲೇ ಇದೆ. ಆಕೆಗೆ ತಾನೇ ದೂರು ಕೊಡಲು ಆಗದಿದ್ದರೆ, ನಡೆದದ್ದು ಗೊತ್ತಿರುವ ಅಕ್ಕಪಕ್ಕದವರು ಆಕೆಯ ಲಿಖಿತ ಒಪ್ಪಿಗೆ ಪಡೆದು ಕೊಡಬಹುದು.