ಏಳು ಅಂಕದ ಖುಷಿ

ತಿಂಗಳಿಗೊಮ್ಮೆ ಫೋನ್ ತೆಗೆದು ಕ್ರೆಡಿಟ್ ಸ್ಕೋರ್, ಅಂದರೆ ಸಾಲ ತೀರಿಸುವ ವಿಷಯದಲ್ಲಿ ನನ್ನನ್ನು ಎಷ್ಟು ನಂಬಬಹುದು ಎಂದು ಹೇಳುವ ಅಂಕ, ನೋಡುವುದು ನನ್ನ ಅಭ್ಯಾಸ. ಮೊನ್ನೆ ನೋಡಿದಾಗ 761 ಇದ್ದದ್ದು 768 ಆಗಿತ್ತು. ಏಳೇ ಏಳು ಅಂಕ. ಖಾತೆಗೆ ಬಿಡಿಗಾಸೂ ಬಂದಿರಲಿಲ್ಲ. ಸಂಬಳ ಏರಿರಲಿಲ್ಲ. ಹೊಸ ಸಾಲ ತೆಗೆಯುವ ಯೋಚನೆಯೂ ಇರಲಿಲ್ಲ. ಆದರೂ ಮನಸ್ಸು ಅರಳಿತು. ಪರದೆಯ ಮೇಲಿನ ಅರೆಚಂದ್ರದ ಮಾಪಕದಲ್ಲಿ ಮುಳ್ಳು ಹಸಿರಿನ ಕಡೆಗೆ ಕೂದಲೆಳೆಯಷ್ಟು ಸರಿದಿತ್ತು. ಆ ಸರಿದ ಜಾಗವನ್ನೇ ಮತ್ತೊಮ್ಮೆ ನೋಡಿದೆ.

ಹೀಗೆ ಖುಷಿಪಡುವವರು ಬಹಳ ಜನ ಇದ್ದಾರೆ. ಕ್ರೆಡಿಟ್ ಕಾರ್ಡ್‌ಗಳನ್ನು ಅಂಚೆಚೀಟಿ ಕೂಡಿಟ್ಟ ಹಾಗೆ ಕೂಡಿಡುವವರಿದ್ದಾರೆ. ಯಾವ ಕಾರ್ಡಿನ ಬಿಲ್ ಯಾವ ತಾರೀಖಿಗೆ ತಯಾರಾಗುತ್ತದೆ, ಯಾವುದರ ಸಾಲದ ಮಿತಿ ಎಷ್ಟು, ಎಷ್ಟು ಖರ್ಚು ಮಾಡಿದರೆ ವಾರ್ಷಿಕ ಶುಲ್ಕ ಮನ್ನಾ, ಎಲ್ಲವೂ ಅವರಿಗೆ ಬಾಯಿಪಾಠ. ಹೊರಗಿನಿಂದ ನೋಡಿದವರಿಗೆ ಇದು ಸಾಲದ ಹುಚ್ಚು ಅನ್ನಿಸುತ್ತದೆ. ಹತ್ತಿರ ಹೋಗಿ ನೋಡಿದರೆ, ಇವರಲ್ಲಿ ಎಷ್ಟೋ ಜನ ಒಂದು ದಿನದ ಬಡ್ಡಿಯನ್ನೂ ಕಟ್ಟಿದವರಲ್ಲ. ಹಾಗಾದರೆ ಅವರಿಗೆ ಸಿಗುವ ಸುಖ ಯಾವುದು?

ನಮ್ಮಲ್ಲಿ ಒಂದು ಒಳ್ಳೆಯ ಪದ ಇದೆ, ಪತ್ತು. ‘ಪತ್ತಿನ ಸಹಕಾರ ಸಂಘ’ ಎನ್ನುವಾಗ ಬರುವ ಪತ್ತು. ಕೊಟ್ಟರೆ ವಾಪಸ್ ಬರುತ್ತದೆ ಎಂಬ ನಂಬಿಕೆಗೆ ಈ ಹೆಸರು. ಕ್ರೆಡಿಟ್ ಎಂಬ ಮಾತಿನ ಬೇರು ಕೂಡ ಲ್ಯಾಟಿನ್ ಭಾಷೆಯಲ್ಲಿ ‘ನಂಬು’ ಎನ್ನುವ ಕ್ರಿಯಾಪದದಲ್ಲಿದೆ. ಎರಡೂ ಪದಗಳ ಹೊಟ್ಟೆಯಲ್ಲಿ ಇರುವುದು ನಂಬಿಕೆಯೇ. ಕಾರ್ಡ್ ಕೂಡಿಡುವವರ ಖುಷಿ ಇಲ್ಲಿಂದಲೇ ಶುರುವಾಗುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಮ್ಮ ಮುಖವನ್ನೇ ನೋಡದ ಯಾರೋ ನಮ್ಮನ್ನು ನಂಬಿದ್ದಾರೆ. ಆ ನಂಬಿಕೆ ಕಣ್ಣಿಗೆ ಕಾಣುತ್ತದೆ, ಎಣಿಸಲು ಬರುತ್ತದೆ.

ಮೊದಲು ಪತ್ತು ಇದ್ದದ್ದು ಹೆಚ್ಚಾಗಿ ಗುರುತಿನವರ ನಡುವೆ. ಅಪರಿಚಿತರಿಗೆ ಅದನ್ನು ಹಂಚಲು ಹೋದಾಗ ಏನಾಗುತ್ತದೆ ಎಂಬುದು 1958ರಲ್ಲಿ ಗೊತ್ತಾಯಿತು. ಆ ವರ್ಷ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಊರಿನ ಸುಮಾರು 60,000 ಮಂದಿಗೆ ಅಂಚೆಯಲ್ಲಿ ಕಾರ್ಡ್ ಕಳಿಸಿತು. ಅವರು ಯಾರೂ ಅರ್ಜಿ ಹಾಕಿರಲಿಲ್ಲ! ಬೇರೆ ಊರುಗಳಿಗೂ ಇದೇ ರೀತಿ ಕಾರ್ಡ್ ಹೋಯಿತು. ಎಷ್ಟೋ ಜನ ಬಾಕಿ ಕಟ್ಟಲಿಲ್ಲ, ಮೋಸಗಳೂ ನಡೆದವು, ಬ್ಯಾಂಕಿಗೆ ಭಾರಿ ನಷ್ಟವಾಯಿತು. ಕೊನೆಗೂ ಆ ಯೋಜನೆ ಸುಧಾರಿಸಿಕೊಂಡಿತು. 1976ರಲ್ಲಿ ಅದಕ್ಕೆ, ಇವತ್ತು ಕಾರ್ಡ್‌ಗಳ ಮೇಲೆ ಕಾಣುವ ವೀಸಾ ಎಂಬ ಹೆಸರು ಬಂತು. ಆದರೆ ಗುರುತಿಲ್ಲದವರನ್ನು ಯಾವ ಆಧಾರದ ಮೇಲೆ ನಂಬುವುದು ಎಂಬ ಪ್ರಶ್ನೆಗೆ ಉತ್ತರ ಬೇಕೇ ಬೇಕಿತ್ತು.

ಉತ್ತರ ಹುಡುಕುವ ಕೆಲಸ ಅಷ್ಟರಲ್ಲಾಗಲೇ ಶುರುವಾಗಿತ್ತು. ಬಿಲ್ ಫೇರ್ ಎಂಬ ಎಂಜಿನಿಯರ್ ಮತ್ತು ಅರ್ಲ್ ಐಸಾಕ್ ಎಂಬ ಗಣಿತಜ್ಞ 1956ರಲ್ಲೇ ಒಂದು ಕಂಪನಿ ಕಟ್ಟಿದ್ದರು. ಹಳೆಯ ಲೆಕ್ಕಪತ್ರಗಳಿಂದ ಮುಂದಿನ ನಡವಳಿಕೆಯನ್ನು ಊಹಿಸಬಹುದು ಎಂಬುದು ಅವರ ಯೋಚನೆ. ಇವತ್ತು ಅಮೆರಿಕದಲ್ಲಿ ಮನೆಮಾತಾಗಿರುವ ಫೈಕೊ ಸ್ಕೋರ್ 1989ರಲ್ಲಿ ಬಂದದ್ದು ಅವರ ಕಂಪನಿಯಿಂದಲೇ. 300ರಿಂದ 850ರ ತನಕ ಅದರ ಅಳತೆ. ಮುಂದಿನ ಎರಡು ವರ್ಷಗಳಲ್ಲಿ ಈ ವ್ಯಕ್ತಿ ಯಾವುದಾದರೂ ಬಾಕಿಯನ್ನು 90 ದಿನ ಅಥವಾ ಅದಕ್ಕಿಂತ ಜಾಸ್ತಿ ತಡ ಮಾಡುವ ಸಾಧ್ಯತೆ ಎಷ್ಟು? ಆ ಸಂಖ್ಯೆ ಹೇಳುವುದು ಇಷ್ಟನ್ನೇ.

ಅದರ ಒಳಗೆ ಏನಿದೆ ನೋಡಿ. ಬಾಕಿಯನ್ನು ಸಮಯಕ್ಕೆ ಕಟ್ಟಿದ ಇತಿಹಾಸಕ್ಕೆ ಶೇ 35 ತೂಕ. ಈಗ ಎಷ್ಟು ಬಾಕಿ ಇದೆ, ಮಿತಿಯಲ್ಲಿ ಎಷ್ಟು ಪಾಲು ಬಳಸಿದ್ದೀರಿ ಎಂಬುದಕ್ಕೆ ಶೇ 30. ಖಾತೆಗಳು ಎಷ್ಟು ಹಳೆಯವು ಎಂಬುದಕ್ಕೆ ಶೇ 15. ಉಳಿದದ್ದು ಹೊಸ ಅರ್ಜಿಗಳಿಗೆ ಮತ್ತು ಸಾಲದ ಬಗೆಗಳಿಗೆ. ಸಂಬಳ ಇದರಲ್ಲಿ ಇಲ್ಲವೇ ಇಲ್ಲ. ದೊಡ್ಡ ಸಂಬಳದವನು ಬಿಲ್ ಮರೆತರೆ ಅವನ ಸ್ಕೋರ್ ಇಳಿಯುತ್ತದೆ. ಸಣ್ಣ ಸಂಬಳದಲ್ಲೂ ತಾರೀಖು ತಪ್ಪಿಸದೆ ಕಟ್ಟುವವಳ ಸ್ಕೋರ್ ಮೇಲಿರುತ್ತದೆ. ಈ ವಿಷಯ ತಿಳಿದ ದಿನ ನನಗೆ ಆ ಸಂಖ್ಯೆಯ ಮೇಲೆ ಗೌರವ ಹುಟ್ಟಿತು. ಅಮೆರಿಕದಲ್ಲಿ 1974ರಲ್ಲಿ ಸಮಾನ ಸಾಲಾವಕಾಶದ ಕಾನೂನು ಬರುವವರೆಗೆ, ಮದುವೆಯಾದ ಹೆಂಗಸರು ಕಾರ್ಡ್ ಕೇಳಿದರೆ ಎಷ್ಟೋ ಬ್ಯಾಂಕುಗಳು ಗಂಡನ ಸಹಿ ತರಲು ಹೇಳುತ್ತಿದ್ದವು. ಸ್ಕೋರ್‌ನಲ್ಲಿ ದೋಷಗಳಿವೆ. ಹಿಂದೆಂದೂ ಸಾಲ ಸಿಗದವರಿಗೆ ಅದು ಸುಲಭವಾಗಿ ಬಾಗಿಲು ತೆರೆಯುವುದಿಲ್ಲ. ಆದರೂ ಮ್ಯಾನೇಜರ್ ಒಬ್ಬನ ಮರ್ಜಿಗಿಂತ ಅದು ಎಷ್ಟೋ ಮೇಲು.

ಇನ್ನು ಏಳು ಅಂಕದ ಖುಷಿಗೆ ಬರೋಣ. ನಮ್ಮ ಮಿದುಳಿಗೆ ‘ಮುಂದೆ ಸಾಗುತ್ತಿದ್ದೇನೆ’ ಎಂಬ ಅನಿಸಿಕೆ ಅಂದರೆ ಬಹಳ ಇಷ್ಟ. 1930ರ ದಶಕದಲ್ಲಿ ಕ್ಲಾರ್ಕ್ ಹಲ್ ಎಂಬ ಮನಶ್ಶಾಸ್ತ್ರಜ್ಞ ಇಲಿಗಳನ್ನು ಓಡಿಸಿ ನೋಡಿದ. ಆಹಾರ ಹತ್ತಿರವಾದ ಹಾಗೆ ಅವುಗಳ ಓಟ ಜೋರಾಗುತ್ತಿತ್ತು. ಮನುಷ್ಯರೂ ಹೀಗೆಯೇ. 2006ರಲ್ಲಿ ಜೋಸೆಫ್ ನ್ಯೂನ್ಸ್ ಮತ್ತು ಕ್ಸೇವಿಯರ್ ಡ್ರೇಜ್ ಪ್ರಕಟಿಸಿದ ಒಂದು ಪ್ರಯೋಗ ನನಗೆ ಅಚ್ಚುಮೆಚ್ಚು. ಕಾರು ತೊಳೆಯುವ ಒಂದು ಕಡೆ ಅವರು 300 ಗಿರಾಕಿಗಳಿಗೆ ಮುದ್ರೆ ಒತ್ತುವ ಕಾರ್ಡ್ ಹಂಚಿದರು. ಅರ್ಧ ಜನರ ಕಾರ್ಡಿನಲ್ಲಿ ಎಂಟು ಖಾಲಿ ಮನೆ. ಎಂಟೂ ತುಂಬಿದರೆ ಒಂದು ಸಲ ಉಚಿತ. ಉಳಿದವರ ಕಾರ್ಡಿನಲ್ಲಿ ಹತ್ತು ಮನೆ, ಆದರೆ ಎರಡಕ್ಕೆ ಮೊದಲೇ ಮುದ್ರೆ ಬಿದ್ದಿತ್ತು. ಅಂದರೆ ಇಬ್ಬರಿಗೂ ಬೇಕಾದದ್ದು ಎಂಟೇ ಮುದ್ರೆ. ಖಾಲಿ ಕಾರ್ಡ್ ಪಡೆದವರಲ್ಲಿ ಶೇ 19 ಜನ ಪೂರ್ತಿ ಮಾಡಿದರು. ಎರಡು ಮುದ್ರೆ ಇದ್ದ ಕಾರ್ಡಿನವರಲ್ಲಿ ಶೇ 34. ಆಗಲೇ ಸ್ವಲ್ಪ ದೂರ ಬಂದಿದ್ದೇವೆ ಎಂಬ ಭಾವನೆಯೊಂದೇ ಅಷ್ಟು ಕೆಲಸ ಮಾಡಿತ್ತು.

ಕ್ರೆಡಿಟ್ ಸ್ಕೋರ್ ಸೊನ್ನೆಯಿಂದ ಶುರುವಾಗುವುದಿಲ್ಲ, ಗಮನಿಸಿದ್ದೀರಾ? 300ರಿಂದ ಶುರು. ಏಣಿಯ ಬುಡದಲ್ಲಿ ನಿಂತವರ ಹೆಸರಿನ ಮುಂದೆಯೂ ಒಂದು ಸಂಖ್ಯೆ ಇರುತ್ತದೆ.

ಜೊತೆಗೆ, ಮುಂದಿನ ತಿಂಗಳು ಎಷ್ಟು ಅಂಕ ಏರುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಮೂರು ಏರಬಹುದು, ಹನ್ನೊಂದು ಏರಬಹುದು, ಎರಡು ಇಳಿಯಲೂಬಹುದು. ಬಹುಮಾನದ ಸುಳಿವಿಗೆ ಮಿಡಿಯುವ ಮಿದುಳಿನ ಡೋಪಮೈನ್ ಕೋಶಗಳಿಗೆ ಇಂಥ ಅನಿಶ್ಚಿತತೆ ಎಂದರೆ ಹಬ್ಬ. ವೋಲ್ಫ್ರಾಮ್ ಶುಲ್ಟ್ಜ್ ಎಂಬ ನರವಿಜ್ಞಾನಿ ಮತ್ತು ಜೊತೆಗಾರರು 1990ರ ದಶಕದಲ್ಲಿ ಕೋತಿಗಳಿಗೆ ಹಣ್ಣಿನ ರಸದ ಹನಿ ಕೊಡುತ್ತ ಈ ಕೋಶಗಳನ್ನು ಗಮನಿಸಿದರು. ರಸ ಅನಿರೀಕ್ಷಿತವಾಗಿ ಸಿಕ್ಕರೆ ಕೋಶಗಳು ಮಿಡಿಯುತ್ತಿದ್ದವು. ರಸ ಬರುತ್ತದೆಂದು ಬೆಳಕಿನ ಸೂಚನೆ ಕೊಟ್ಟು ರೂಢಿ ಮಾಡಿಸಿದ ಮೇಲೆ ರಸಕ್ಕೆ ಮಿಡಿಯುವುದು ನಿಂತಿತು, ಬೆಳಕಿಗೇ ಮಿಡಿಯತೊಡಗಿದವು. ನಿರೀಕ್ಷಿಸಿದ ರಸ ಬಾರದಿದ್ದರೆ ಮಿಡಿತ ಮಾಮೂಲಿಗಿಂತಲೂ ಕೆಳಗೆ ಹೋಗುತ್ತಿತ್ತು. ‘ನಿಮ್ಮ ಹೊಸ ಸ್ಕೋರ್ ಸಿದ್ಧವಾಗಿದೆ’ ಎಂಬ ಸಂದೇಶ ಬಂದ ಕ್ಷಣ ನನ್ನೊಳಗೆ ಏನೋ ಚುರುಕಾಗುತ್ತದಲ್ಲ, ಅದು ಆ ಬೆಳಕು. ಸ್ಕೋರ್ ನೋಡುವುದು ಆಮೇಲಿನ ಮಾತು.

ಕೂಡಿಡುವ ಸುಖವೇ ಬೇರೆ. ಕ್ಯಾಲಿಫೋರ್ನಿಯಾದ ವಾಲ್ಟರ್ ಕ್ಯಾವನಾ ಎಂಬುವರ ಹೆಸರು ಗಿನ್ನೆಸ್ ದಾಖಲೆಯಲ್ಲಿದೆ. ಅವರ ಬಳಿ ಇದ್ದ ಚಾಲ್ತಿ ಕಾರ್ಡ್‌ಗಳು 1,497. ಇದು ಶುರುವಾದದ್ದು ಸ್ನೇಹಿತನ ಜೊತೆ ಕಟ್ಟಿದ ಒಂದು ಬಾಜಿಯಿಂದ. ವರ್ಷದಲ್ಲಿ ಯಾರು ಜಾಸ್ತಿ ಕಾರ್ಡ್ ಗಳಿಸುತ್ತಾರೋ ನೋಡೋಣ, ಸೋತವರು ಊಟ ಕೊಡಿಸಬೇಕು ಎಂದು. ಬಾಜಿ ಗೆದ್ದರು, ಊಟವೂ ಆಯಿತು, ಕೂಡಿಡುವುದು ಮಾತ್ರ ನಿಲ್ಲಲಿಲ್ಲ. ಅದು ನಿಲ್ಲುವಂಥದ್ದೂ ಅಲ್ಲ ಅಲ್ವಾ? ನಾಣ್ಯ, ಅಂಚೆಚೀಟಿ, ಬೆಂಕಿಪೆಟ್ಟಿಗೆಯ ಚಿತ್ರ ಕೂಡಿಟ್ಟವರಿಗೆ ಗೊತ್ತು. ಇರುವ ನೂರಕ್ಕಿಂತ ಇಲ್ಲದ ಒಂದೇ ಕಣ್ಣ ಮುಂದೆ ಕುಣಿಯುತ್ತದೆ.

ಕಾರ್ಡ್ ಎಂಬ ವಸ್ತುವೂ ಮುದ್ದಾಗಿದೆ. ಕೈಗೆತ್ತಿಕೊಂಡು ನೋಡಿ. 85.60 ಮಿಲಿಮೀಟರ್ ಉದ್ದ, 53.98 ಮಿಲಿಮೀಟರ್ ಅಗಲ, 0.76 ಮಿಲಿಮೀಟರ್ ದಪ್ಪ. ಭೂಮಿಯ ಯಾವ ಮೂಲೆಯ ಯಂತ್ರಕ್ಕೂ ಹೊಂದುವಂತೆ ಒಪ್ಪಿಕೊಂಡ ಅಳತೆ ಇದು. ಕಾರ್ಡ್ ನಂಬರಿನ ಮೊದಲ ಅಂಕಿ 4 ಇದ್ದರೆ ವೀಸಾ. ಕೊನೆಯ ಅಂಕಿಗೆ ಕಾವಲು ಕೆಲಸ. ಕಂಪ್ಯೂಟರ್ ಕಂಪನಿ ಐಬಿಎಂನ ಹಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಒಂದು ಸರಳ ಲೆಕ್ಕದ ಪ್ರಕಾರ ಅದು ಉಳಿದ ಅಂಕಿಗಳಿಂದಲೇ ಹುಟ್ಟುತ್ತದೆ. ನಂಬರ್ ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡಿಬರುವುದಿಲ್ಲ, ತಪ್ಪು ತಕ್ಷಣ ಗೊತ್ತಾಗುತ್ತದೆ. ಹಿಂಬದಿಯ ಕಪ್ಪು ಪಟ್ಟಿಯ ಕಥೆ ಇನ್ನೂ ಚೆಂದ. ಐಬಿಎಂನಲ್ಲೇ ಇದ್ದ ಫಾರೆಸ್ಟ್ ಪ್ಯಾರಿ ಎಂಬ ಎಂಜಿನಿಯರ್ ಕಾಂತಪಟ್ಟಿಯನ್ನು ಪ್ಲಾಸ್ಟಿಕ್ಕಿಗೆ ಅಂಟಿಸಲು 1960ರ ದಶಕದಲ್ಲಿ ಹೆಣಗುತ್ತಿದ್ದರು. ಯಾವ ಅಂಟೂ ಸರಿಹೋಗಲಿಲ್ಲ. ಮನೆಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಹೆಂಡತಿ, ಇದರಲ್ಲೇ ಒತ್ತಿ ನೋಡಬಾರದೇಕೆ ಎಂದರಂತೆ. ಪಟ್ಟಿ ಗಟ್ಟಿಯಾಗಿ ಕೂತಿತು.

ಕೂಡಿಡುವ ಸುಖಕ್ಕೆ ಲೆಕ್ಕವೂ ಸಾಥ್ ಕೊಡುತ್ತದೆ. ಒಂದೇ ಕಾರ್ಡ್ ಇದೆ, ಅದರ ಮಿತಿ 100 ಎಂದುಕೊಳ್ಳಿ. ತಿಂಗಳಿಗೆ 40 ಬಳಸಿದರೆ ಬಳಕೆ ಶೇ 40. ಅಷ್ಟೇ ಮಿತಿಯ ಇನ್ನೊಂದು ಕಾರ್ಡ್ ಬಂತು, ಖರ್ಚು ಮಾತ್ರ ಅದೇ 40. ಈಗ ಬಳಕೆ ಶೇ 20. ಖರ್ಚು ಒಂದಿಷ್ಟೂ ಬದಲಾಗದೆ ಸ್ಕೋರ್ ಏರಲು ದಾರಿಯಾಯಿತು. ಹಾಗಂತ ಸಿಕ್ಕಸಿಕ್ಕ ಕಡೆ ಅರ್ಜಿ ಹಾಕಿದರೆ ಪ್ರತಿ ಅರ್ಜಿಗೂ ಸ್ಕೋರ್ ಸ್ವಲ್ಪ ಕುಗ್ಗುತ್ತದೆ, ಖಾತೆಗಳ ಸರಾಸರಿ ವಯಸ್ಸೂ ಇಳಿಯುತ್ತದೆ. ಯಾವಾಗ ಕೇಳಬೇಕು, ಯಾವಾಗ ಸುಮ್ನೆ ಕಾಯಬೇಕು ಎಂಬುದರಲ್ಲಿ ಆಟದ ರುಚಿ ಇದೆ.

ಇಷ್ಟು ಹೇಳಿ ಇನ್ನೊಂದು ಮಗ್ಗುಲನ್ನು ಬಿಟ್ಟರೆ ತಪ್ಪಾಗುತ್ತದೆ. ನಗದು ಕೊಡುವಾಗ ನಮಗೆ ಒಂದು ಸಣ್ಣ ನೋವಾಗುತ್ತದೆ. ನೋಟು ಕೈಬಿಟ್ಟು ಹೋಗುವುದನ್ನು ಕಣ್ಣು ನೋಡುತ್ತದೆ. ಕಾರ್ಡ್ ಆ ನೋವನ್ನು ಮುಂದಕ್ಕೆ ತಳ್ಳುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಂಬಿಎ ವಿದ್ಯಾರ್ಥಿಗಳ ನಡುವೆ ಬ್ಯಾಸ್ಕೆಟ್‌ಬಾಲ್ ಟಿಕೆಟ್ ಹರಾಜು ಹಾಕಿದರು. ಕೆಲವರು ನಗದು ಕೊಡಬೇಕು, ಕೆಲವರು ಕಾರ್ಡ್ ಬಳಸಬೇಕು ಎಂದು ಮೊದಲೇ ಹೇಳಿದ್ದರು. ಕಾರ್ಡಿನವರು ಹೇಳಿದ ಬೆಲೆಯ ಸರಾಸರಿ ನಗದಿನವರದ್ದಕ್ಕಿಂತ ದುಪ್ಪಟ್ಟಿಗೂ ಜಾಸ್ತಿ ಇತ್ತು. ಕಾರ್ಡ್ ಬ್ರೇಕನ್ನಷ್ಟೇ ಸಡಿಲ ಮಾಡುತ್ತದೆ ಎಂದು ಬಹಳ ಕಾಲ ಅಂದುಕೊಂಡಿದ್ದರು. 2021ರಲ್ಲಿ ಪ್ರೆಲೆಕ್ ಸೇರಿದಂತೆ ಕೆಲವರು ಖರೀದಿಸುವವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಕಾರ್ಡಿನ ಖರೀದಿಯಲ್ಲಿ, ಬಹುಮಾನ ಸಿಕ್ಕಾಗ ಚುರುಕಾಗುವ ಸ್ಟ್ರಯೇಟಮ್ ಭಾಗವೇ ಚುರುಕಾಗಿತ್ತು. ಕಾರ್ಡ್ ಆಕ್ಸಿಲರೇಟರನ್ನೂ ಒತ್ತುತ್ತದೆ ಎಂದಾಯಿತು.

ನನಗೂ ಒಮ್ಮೆ ಪೆಟ್ಟು ಬಿದ್ದಿದೆ. ಒಂದು ತಿಂಗಳು ಬಿಲ್ಲಿನ ಬಹುಪಾಲು ಕಟ್ಟಿ ಚೂರು ಉಳಿಸಿದ್ದೆ. ಆ ಚೂರಿಗೆ ಮಾತ್ರ ಬಡ್ಡಿ ಎಂದುಕೊಂಡಿದ್ದೆ. ಮುಂದಿನ ಬಿಲ್ ಬಂದಾಗ ಪ್ರತಿ ಖರೀದಿಗೂ ಅದು ನಡೆದ ದಿನದಿಂದಲೇ ಬಡ್ಡಿ ಬಿದ್ದಿತ್ತು. ಪೂರ್ತಿ ಕಟ್ಟದಿದ್ದರೆ ಬಡ್ಡಿಯಿಲ್ಲದ ದಿನಗಳ ಸೌಲಭ್ಯವೇ ಹೋಗುತ್ತದೆ ಎಂಬುದು ಆಗ ಗೊತ್ತಾಯಿತು. ಕೋಪ ಬಂತು, ದುಃಖವೂ ಆಯಿತು. ಆಮೇಲೆ ಹೊಳೆದ ಇನ್ನೊಂದು ಮಾತು ಇವತ್ತಿಗೂ ಚುಚ್ಚುತ್ತದೆ. ಕಾರ್ಡಿನಲ್ಲಿ ಖರ್ಚು ಮಾಡಿದ್ದಕ್ಕೆ ಬಹುಮಾನವಾಗಿ ಸಿಗುವ, ನಾವು ಖುಷಿಯಿಂದ ಎಣಿಸುವ ರಿವಾರ್ಡ್ ಪಾಯಿಂಟ್‌ಗಳಿಗೆ ದುಡ್ಡು ಬರುವುದು ಎಲ್ಲಿಂದ? ಒಂದು ಪಾಲು ಅಂಗಡಿಯವರು ಕೊಡುವ ಶುಲ್ಕದಿಂದ. ಇನ್ನೊಂದು ಪಾಲು, ಪೂರ್ತಿ ಬಿಲ್ ಕಟ್ಟಲಾಗದೆ ತಿಂಗಳು ತಿಂಗಳು ಬಡ್ಡಿ ತೆರುವವರಿಂದ. ಪಾಯಿಂಟ್ ನೋಡುವಾಗ ಆ ಜನ ನೆನಪಾಗುತ್ತಾರೆ. ಯಾರಾದರೂ ಮೊದಲ ಕಾರ್ಡ್ ತೆಗೆದುಕೊಂಡೆ ಎಂದರೆ, ಖಾತೆಯಿಂದ ಪೂರ್ತಿ ಬಿಲ್ ತಾನಾಗಿ ಕಟ್ಟಿಹೋಗುವಂತೆ ಅವತ್ತೇ ಪಕ್ಕದಲ್ಲಿ ಕೂತು ವ್ಯವಸ್ಥೆ ಮಾಡಿಸುತ್ತೇನೆ.

ಒಂದು ಮಟ್ಟ ದಾಟಿದ ಮೇಲೆ ಸ್ಕೋರ್ ಎಷ್ಟು ಏರಿದರೂ ಲಾಭ ಏನೂ ಹೆಚ್ಚುವುದಿಲ್ಲ. ಒಳ್ಳೆಯ ಬಡ್ಡಿದರ ಆಗಲೇ ಸಿಕ್ಕಿರುತ್ತದೆ. ಆದರೂ ತುತ್ತತುದಿಯ ಸಂಖ್ಯೆಗಾಗಿ ವರ್ಷಗಟ್ಟಲೆ ತಾಳ್ಮೆಯಿಂದ ಕಾಯುವವರಿದ್ದಾರೆ. ಅವರ ಬಗ್ಗೆ ನನಗೆ ಪ್ರೀತಿ. ಬೆಟ್ಟ ಹತ್ತುವವರಿಗೆ ತುದಿಯಲ್ಲಿ ಏನಿದೆ ಎಂದು ಯಾರೂ ಕೇಳುವುದಿಲ್ಲವಲ್ಲ.

ನನ್ನ ಮೊಟ್ಟಮೊದಲ ಕಾರ್ಡ್ ಈಗಲೂ ಮೇಜಿನ ಡ್ರಾಯರಿನಲ್ಲಿದೆ. ಅದರ ಮಿತಿ ಎಲ್ಲಕ್ಕಿಂತ ಕಡಿಮೆ. ಪಾಯಿಂಟೂ ಇಲ್ಲ, ಸೌಲಭ್ಯವೂ ಇಲ್ಲ. ಉಬ್ಬಿದ ಅಕ್ಷರಗಳ ಬೆಳ್ಳಿಬಣ್ಣ ಸವೆದು ನನ್ನ ಹೆಸರಿನ ಅರ್ಧವಷ್ಟೇ ಹೊಳೆಯುತ್ತದೆ. ಮುಚ್ಚಿಸಲು ಮನಸ್ಸು ಬಂದಿಲ್ಲ. ಹಳೆಯ ಖಾತೆಗೆ ಸ್ಕೋರ್‌ನಲ್ಲಿ ಬೆಲೆ ಇದೆ ಎಂಬುದು ಒಂದು ಕಾರಣ. ನನ್ನ ಹೆಸರಲ್ಲಿ ಯಾವ ಇತಿಹಾಸವೂ ಇಲ್ಲದಾಗ ಕೈಗೆ ಬಂದ ಕಾರ್ಡ್ ಎಂಬುದು ಇನ್ನೊಂದು. ವರ್ಷಕ್ಕೆ ಎರಡು ಸಲ ಹೊರಗೆ ತೆಗೆದು ಸಣ್ಣದೇನಾದರೂ ಕೊಳ್ಳುತ್ತೇನೆ. ಬಿಲ್ ಬಂದ ದಿನವೇ ಕಟ್ಟಿ, ಒರೆಸಿ, ಮತ್ತೆ ಡ್ರಾಯರಿಗೆ ಹಾಕುತ್ತೇನೆ.