ಬೊಜ್ಜು ಕರಗುವುದಿಲ್ಲ, ಉಸಿರಾಗಿ ಹೋಗುತ್ತದೆ

ತಪ್ಪು ನಮ್ಮ ಮಾತಿನದೇ. 'ಬೊಜ್ಜು ಕರಗಿಸು' ಅಂದಕೂಡಲೇ ಕಣ್ಣಮುಂದೆ ಬರುವುದು ಒಲೆಯ ಮೇಲಿನ ಬೆಣ್ಣೆ. ಅದಕ್ಕೇ ನನ್ನ ಅಣ್ಣನ ಮಗ ಏಪ್ರಿಲ್ ಬಿಸಿಲಲ್ಲಿ ಹೊಟ್ಟೆಗೆ ರಬ್ಬರ್ ಬೆಲ್ಟ್ ಬಿಗಿದುಕೊಂಡು ಬಾಗಲಕೋಟೆಯ ನವನಗರ ಸುತ್ತುತ್ತಾನೆ. ಬನಿಯನ್ ಹಿಂಡಿ ತೋರಿಸುತ್ತಾನೆ: "ನೋಡು ಕಾಕಾ, ಹೆಂಗ ಕರಗಾಕತ್ತೈತಿ!"

ಅದು ಬರೀ ನೀರು. ಒಂದು ಚರಿಗೆ ಕುಡಿದರೆ ಹೋದ ತೂಕ ವಾಪಸ್. ತಮಾಷೆಯೆಂದರೆ, ಮೈಯ 37 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ನಮ್ಮ ಕೊಬ್ಬು ಬಹುಪಾಲು ಎಣ್ಣೆಯಾಗಿಯೇ ಇರುತ್ತದೆ. ಮೊದಲೇ ಕರಗಿದ್ದನ್ನು ಮತ್ತೇನು ಕರಗಿಸುವುದು?

ಕೊಬ್ಬು ಉರಿಯುತ್ತದೆ. ಮೈಯೊಳಗಿನ ಈ ಉರಿಯನ್ನು ಹಿಡಿದವನು ಫ್ರಾನ್ಸಿನ ವಿಜ್ಞಾನಿ ಲಾವೋಸಿಯೆ. 1782-83ರ ಚಳಿಗಾಲದಲ್ಲಿ ಗಣಿತಜ್ಞ ಲಾಪ್ಲಾಸ್ ಜೊತೆ ಸೇರಿ ಒಂದು ಗಿನಿಯಿಲಿಯನ್ನು ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಕೂಡಿಸಿ, ಅದರ ಮೈಕಾವಿಗೆ ಎಷ್ಟು ಮಂಜು ನೀರಾಯಿತೆಂದು ಅಳೆದ. ಉಸಿರಾಟವೆಂದರೆ ನಿಧಾನ ಉರಿ ಅಂದ. ಉರಿದ ಮೇಲೆ ಕೊಬ್ಬು ಎಲ್ಲಿಗೆ ಹೋಗುತ್ತದೆ? 2014ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳಾದ ರೂಬೆನ್ ಮೀರ್ಮನ್, ಆಂಡ್ರ್ಯೂ ಬ್ರೌನ್ ಇಬ್ಬರೂ ಲೆಕ್ಕ ಹಾಕಿ ತೋರಿಸಿದರು: 10 ಕಿಲೋ ಕೊಬ್ಬು ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದ ಹೊರಗೆ, 1.6 ಕಿಲೋ ನೀರಾಗಿ. ಹಾಗಂತ ಕುಂತಲ್ಲೇ ಬುಸುಬುಸು ಉಸಿರುಬಿಟ್ಟರೆ ತಲೆ ತಿರುಗೀತೇ ಹೊರತು ಬೊಜ್ಜು ಹೋಗದು. ಮೊದಲು ಸ್ನಾಯು ದುಡಿಯಬೇಕು, ಆಮೇಲೆ ಉಸಿರು.

"ಹಂಗಾದ್ರ ಸಿಟ್‌ಅಪ್ ಹೊಡದ್ರ ಹೊಟ್ಟಿ ಸ್ನಾಯು ದುಡಿತೈತಲ್ಲ, ಹೊಟ್ಟಿ ಕೊಬ್ಬೇ ಉರಿಬೇಕಲ್ಲ?" ಅಂತ ಕೇಳಿದ ಹುಡುಗ.

ಒಳ್ಳೆಯ ಪ್ರಶ್ನೆ, ತಪ್ಪು ಊಹೆ. ನೆಲದೊಳಗೆ ಕಾಳು ತುಂಬಿಡುವ ನಮ್ಮ ಕಡೆಯ ಹಗೇವು ನೆನೆಸಿಕೊಳ್ಳಿ. ಹಗೇವಿನ ಮೇಲೇ ಕೂತವನೂ ಅದರೊಳಗಿನ ಜೋಳವನ್ನು ಹಾಗೇ ಮುಕ್ಕುವುದಿಲ್ಲ. ತೆಗೆದು, ಬೀಸಿ, ರೊಟ್ಟಿ ಬಡಿದು ಮನೆಮಂದಿಗೆಲ್ಲ ಹಂಚಬೇಕು. ಕೊಬ್ಬಿನ ಕೋಶವೂ ಅಷ್ಟೇ. ಅಡ್ರಿನಲಿನ್ ಎಂಬ ಹಾರ್ಮೋನು ಬಂದು ಬಾಗಿಲು ತಟ್ಟಿದಾಗ ಅದು ತನ್ನ ಕೊಬ್ಬನ್ನು ಕೊಬ್ಬಿನಾಮ್ಲಗಳಾಗಿ ಒಡೆದು ರಕ್ತಕ್ಕೆ ಬಿಡುತ್ತದೆ. ರಕ್ತ ಊರೆಲ್ಲ ಸುತ್ತುತ್ತದೆ. ಹೊಟ್ಟೆಯಿಂದ ಹೊರಟಿದ್ದು ಮೀನಖಂಡದಲ್ಲಿ ಉರಿಯಬಹುದು, ತೊಡೆಯದು ಹೊಟ್ಟೆಯ ಸ್ನಾಯುವಿನಲ್ಲಿ.

ಇನ್ನೂ ಚೆನ್ನಾದ ಹೋಲಿಕೆ ಆಲಮಟ್ಟಿ. ಜಲಾಶಯ ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರದವರೆಗೆ ತುಂಬಿದಾಗ ಹಿನ್ನೀರು ಘಟಪ್ರಭಾ ಗುಂಟ ನಮ್ಮ ಹಳೇ ಬಾಗಲಕೋಟೆಯವರೆಗೂ ಬರುತ್ತದೆ. ಬಾಗಲಕೋಟೆ ಸೇತುವೆ ಕೆಳಗೆ ಪಂಪು ಹಚ್ಚಿ 'ಇಲ್ಲಿಯ ನೀರಷ್ಟೇ ಖಾಲಿ ಮಾಡ್ತೀನಿ' ಅಂದರೆ ನಗುತ್ತೀರಿ ತಾನೆ? ಸಿಟ್‌ಅಪ್ ಆ ಪಂಪು. 1984ರ ಒಂದು ಪ್ರಯೋಗದಲ್ಲಿ ಕೆಲವು ಗಂಡಸರು 27 ದಿನಗಳಲ್ಲಿ ತಲಾ 5004 ಸಿಟ್‌ಅಪ್ ಹೊಡೆದರು. ಹೊಟ್ಟೆ, ಬೆನ್ನು, ಕುಂಡೆ ಮೂರೂ ಕಡೆಯ ಕೊಬ್ಬಿನ ಕೋಶಗಳನ್ನು ಸೂಜಿಯಿಂದ ತೆಗೆದು ನೋಡಿದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕುಗ್ಗಿದ್ದವು. ಹೊಟ್ಟೆಗೆ ವಿಶೇಷ ಮರ್ಯಾದೆ ಸಿಗಲಿಲ್ಲ.

ಸಿಟ್‌ಅಪ್ ವ್ಯರ್ಥ ಅಂತಲ್ಲ. ಒಳಗಿನ ಸ್ನಾಯು ಗಟ್ಟಿಯಾಗುತ್ತದೆ, ಅದೂ ಬೇಕು. ಆದರೆ ನೀರಿಳಿಯಬೇಕಾದರೆ ಒಳಹರಿವಿಗಿಂತ ಹೊರಹರಿವು ಜಾಸ್ತಿ ಇರಬೇಕು: ಚುರುಕು ನಡಿಗೆ, ಬೈಠಕ್ಕು, ರೊಟ್ಟಿ ಮೇಲಿನ ಬೆಣ್ಣೆಯಲ್ಲಿ ಒಂಚೂರು ಕಡಿತ. ಹೊಟ್ಟೆಯೊಳಗೆ ಕರುಳಿನ ಸುತ್ತ ಕೂತ, ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚಿಸುವ ಕೊಬ್ಬೂ ನಡಿಗೆಗೆ ಬಗ್ಗುತ್ತದೆ.

ಬೇಸಿಗೆಯಲ್ಲಿ ಹಿನ್ನೀರು ಇಳಿಯುವಾಗ ಮೊದಲು ಕಾಣುವುದು ಅಂಚಿನ ನೆಲ. ನಡುವಿನ ಮಡು ಬತ್ತುವುದು ಕೊನೆಗೆ. ಬಹಳ ಗಂಡಸರಿಗೆ ಹೊಟ್ಟೆಯೇ ಆ ಮಡು, ಗಲ್ಲವೇ ಅಂಚು. ಬೆಲ್ಟ್ ಬಿಚ್ಚಿಟ್ಟು ಎರಡು ತಿಂಗಳು ನಡೆದ ನಮ್ಮ ಹುಡುಗನಿಗೂ ಮೊದಲು ಇಳಿದದ್ದು ಗಲ್ಲ. ನಮ್ಮವ್ವ ಗಾಬರಿಯಾದಳು. "ಯಾಕೋ ತಮ್ಮಾ, ಮಾರಿ ಇಷ್ಟು ಸೊರಗೈತಿ?" ಅಂತ ಮೊಮ್ಮಗನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು. ಅದು ಮಾತ್ರ ನಿಜವಾಗಿ ಕರಗಿದ್ದು.