ಮನೆಯಲ್ಲಿ ಉಪ್ಪುಸೊಳೆ ಭರಣಿ ಇರುವಾಗ ಪ್ರೋಬಯಾಟಿಕ್ ಮಾತ್ರೆ ಯಾಕೆ?

ಪ್ರಶ್ನೆ: ಇಲಿಜ್ವರಕ್ಕೆ ಆಂಟಿಬಯೋಟಿಕ್ ಕೊಟ್ಟ ಡಾಕ್ಟರು ಜೊತೆಗೊಂದು ಪ್ರೋಬಯಾಟಿಕ್ ಮಾತ್ರೆಯನ್ನೂ ಬರೆದರು. ನಮ್ಮಲ್ಲಿ ದಿನಾ ದೋಸೆ, ಮಜ್ಜಿಗೆ, ಮಳೆಗಾಲದಲ್ಲಿ ಉಪ್ಪುಸೊಳೆ ಎಲ್ಲಾ ಇದೆ. ಅಷ್ಟು ಸಾಲದಾ? (ಬದಿಯಡ್ಕ ಕಡೆಯ ಓದುಗರು)

ಉತ್ತರ: ಪ್ರೋಬಯಾಟಿಕ್ ಅಂದರೆ ಆರೋಗ್ಯಕ್ಕೆ ಪ್ರಯೋಜನವಾಗುವ ಜೀವಂತ ಸೂಕ್ಷ್ಮಾಣುಗಳು. ಅಂಥವು ನಮ್ಮ ಅಡಿಗೆಯಲ್ಲಿ ಉಳಿಯುತ್ತವೆಯೇ? ಮೊದಲು ಭರಣಿಯನ್ನೇ ನೋಡೋಣ. ನಮ್ಮ ಮನೆಯದ್ದು ಅಡಿಗೆಕೋಣೆಯ ಕತ್ತಲೆ ಮೂಲೆಯಲ್ಲಿದೆ. ಮೇ ತಿಂಗಳಲ್ಲಿ ಬಲಿತ ಹಲಸಿನ ಸೊಳೆ ಬಿಡಿಸಿ, ಉಪ್ಪು ಬೆರೆಸಿ, ಒತ್ತಿ ತುಂಬಿ, ಮೇಲೊಂದು ಹೊಳೆಕಲ್ಲು ಇಟ್ಟು ಬಾಯಿಗೆ ಬಟ್ಟೆ ಕಟ್ಟುತ್ತೇವೆ. ಆಟಿಯ ಜಡಿಮಳೆಯಲ್ಲಿ ಬಟ್ಟೆ ಬಿಚ್ಚಿದರೆ ಮೂಗಿಗೆ ಹುಳಿ ವಾಸನೆ ಹೊಡೆಯುತ್ತದೆ. ಉಪ್ಪಿನ ಕಾವಲಿನಲ್ಲಿ ಕೊಳೆಸುವ ಸೂಕ್ಷ್ಮಾಣುಗಳು ತಲೆ ಎತ್ತುವುದಿಲ್ಲ. ಉಪ್ಪು ತಡೆದುಕೊಳ್ಳುವ ಕೆಲವು ಮಾತ್ರ ಮೆಲ್ಲಗೆ ಹುಳಿ ಬರಿಸುತ್ತವೆ.

ಆದರೆ ಆಮೇಲೆ ನಾವು ಮಾಡುವುದೇನು? ನೀರಲ್ಲಿ ನೆನೆಸಿ ಉಪ್ಪು ಬಿಡಿಸಿ, ಪಲ್ಯಕ್ಕೆ ಬೇಯಿಸುತ್ತೇವೆ. ಇಲ್ಲವೇ ಅರೆದು ಉಂಡೆ ಕಟ್ಟಿ ಎಣ್ಣೆಗೆ ಬಿಟ್ಟು ಉಂಡಲಕಾಳು ಮಾಡುತ್ತೇವೆ. ಕುದಿಯುವ ಎಣ್ಣೆಯಲ್ಲಿ ಯಾವ ಬ್ಯಾಕ್ಟೀರಿಯಾ ಉಳಿದೀತು? (ಉಂಡಲಕಾಳು ತಿನ್ನಲು ಆರೋಗ್ಯದ ನೆಪ ಬೇಕೂ ಇಲ್ಲ, ಅಲ್ವಾ.) ದೋಸೆಯದ್ದೂ ಇದೇ ಕಥೆ. ರಾತ್ರಿ ಹುಳಿ ಬಂದ ಉದ್ದಿನ ಹಿಟ್ಟಿನಲ್ಲಿ ಕೋಟಿಗಟ್ಟಲೆ ಇರುತ್ತವೆ, ಬೆಳಿಗ್ಗೆ ಕಾವಲಿಯ ಮೇಲೆ ಸಾಯುತ್ತವೆ. ಹಾಗಂತ ಹುದುಗಿಸಿದ್ದು ದಂಡವಲ್ಲ. ಅಕ್ಕಿ, ಉದ್ದಿನಲ್ಲಿದ್ದು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟಿಕ್ ಆಸಿಡ್ ಕಡಿಮೆಯಾಗಿ ಕಬ್ಬಿಣದ ಅಂಶ ಮೈಗೆ ಹತ್ತುವುದು ಸುಲಭವಾಗುತ್ತದೆ.

ಹಾಗಾದರೆ ಜೀವ ಉಳಿಯುವುದು ಯಾವುದರಲ್ಲಿ? ಒಲೆ ಹತ್ತದ್ದರಲ್ಲಿ. ಮೇಲಾರ (ಮಜ್ಜಿಗೆ ಹುಳಿ) ಕುದಿಯುತ್ತದೆ, ತಂಬುಳಿ ಕುದಿಯುವುದಿಲ್ಲ. ತುಪ್ಪದಲ್ಲಿ ಬಾಡಿಸಿದ ಕುಂಟಾಲ ಕುಡಿಯನ್ನು ಕಾಯಿಯ ಜೊತೆ ಅರೆದು, ತಣ್ಣಗಾದ ಮೇಲೆ ಮಜ್ಜಿಗೆ ಸೇರಿಸಿದರೆ ಅದರಲ್ಲಿನ ಬ್ಯಾಕ್ಟೀರಿಯಾಗಳು ಹಾಗೇ ಇರುತ್ತವೆ. ಊಟದ ಕೊನೆಯ ಮಜ್ಜಿಗೆ ಅನ್ನವೂ ಹಾಗೆಯೇ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಎಷ್ಟೋ ಜನರಿಗೆ ಮೊಸರು ಹಿಡಿಸುವುದೂ ಈ ಬ್ಯಾಕ್ಟೀರಿಯಾಗಳಿಂದಲೇ. ಹಾಲಿನ ಸಕ್ಕರೆಯನ್ನು ಒಂದಷ್ಟು ಅವೇ ತಿಂದು ಮುಗಿಸಿರುತ್ತವೆ.

ಇಷ್ಟಾದರೂ ಮನೆಯ ಮಜ್ಜಿಗೆಯನ್ನು ಪ್ರೋಬಯಾಟಿಕ್ ಅನ್ನಲು ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ಹೇಳಿದ್ದು ಹೀಗೆ: ಸೂಕ್ಷ್ಮಾಣು ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿ ಇರಬೇಕು, ಆರೋಗ್ಯಕ್ಕೆ ಪ್ರಯೋಜನವಾಗಬೇಕು. ನಿಮ್ಮ ಹೆಪ್ಪಿನಲ್ಲಿರುವ ತಳಿ ಬೇರೆ, ಪಕ್ಕದ ಮನೆಯದ್ದು ಬೇರೆ. ಎಷ್ಟಿದೆ ಅಂತ ಎಣಿಸಿದವರು ಯಾರು? ಮಜ್ಜಿಗೆ ಒಳ್ಳೆಯ ಆಹಾರ. ಮಾತ್ರೆ ಒಂದು ನಿರ್ದಿಷ್ಟ ಕೆಲಸಕ್ಕೆ.

ನಿಮ್ಮ ವಿಷಯದಲ್ಲಿ ಆ ಕೆಲಸ ಆಂಟಿಬಯೋಟಿಕ್ ತಂದಿಡುವ ಭೇದಿಯನ್ನು ತಡೆಯುವುದು. ಇದಕ್ಕೆ ಹೆಚ್ಚಾಗಿ ಬರೆಯುವುದರಲ್ಲಿ ಒಂದು ಸ್ಯಾಕರೋಮೈಸಿಸ್ ಬೌಲಾರ್ಡಿ. ಅದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್. ಹಾಗಾಗಿ ಬ್ಯಾಕ್ಟೀರಿಯಾ ಕೊಲ್ಲುವ ಮದ್ದು ಅದನ್ನು ಮುಟ್ಟುವುದಿಲ್ಲ. ಮಜ್ಜಿಗೆಗೆ ಆ ಅನುಕೂಲ ಇಲ್ಲ. ಡಾಕ್ಟರು ಹೇಳಿದಷ್ಟು ದಿನ ತೆಗೆದುಕೊಳ್ಳಿ. ಮುಗಿದ ಮೇಲೂ ಸುಮ್ನೆ ತಿಂಗಳುಗಟ್ಟಲೆ ನುಂಗುವುದು ನನಗಂತೂ ದುಡ್ಡು ಹಾಳು ಅನಿಸುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಲೇಬಾರದು.

ಇನ್ನೊಂದು ವಿಷಯ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಇಲಿಜ್ವರಕ್ಕೆ ಸಾಮಾನ್ಯವಾಗಿ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಮಜ್ಜಿಗೆಯ ಜೊತೆ ನುಂಗಬೇಡಿ. ಹಾಲು, ಮೊಸರಿನ ಕ್ಯಾಲ್ಸಿಯಂ ಆ ಮದ್ದನ್ನು ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಎರಡು ಗಂಟೆ ಅಂತರ ಇರಲಿ. ಮಾತ್ರೆಗೆ ಒಂದು ದೊಡ್ಡ ಲೋಟ ನೀರು ಕುಡಿಯಿರಿ, ನುಂಗಿದ ಕೂಡಲೇ ಮಲಗಬೇಡಿ, ಗಂಟಲು ಉರಿಯುತ್ತದೆ. ಮಜ್ಜಿಗೆ ಮಧ್ಯಾಹ್ನದ ಊಟಕ್ಕಿರಲಿ.